ಕಾಲಂ ಇಲ್ಲದ ಕಾಯಿಲೆ

ಶರಫಿಯಾದಲ್ಲಿ ಸಂಜೆ ಏಳರ ನಂತರ ಯಾವ ಪಾಲಿಕ್ಲಿನಿಕ್ಕಿಗೆ ಹೋದರೂ ಟೋಕನ್ ಹಿಡಿದು ಅರ್ಧ ಗಂಟೆ ಕೂರಲೇಬೇಕು. ಜೆದ್ದಾದ ಈ ಬಡಾವಣೆಯನ್ನು ಕೇರಳದವರು ತಮ್ಮದೇ ಪೇಟೆ ಮಾಡಿಕೊಂಡಿದ್ದಾರೆ. ಹೋಟೆಲು, ಕಾರ್ಗೋ ಕಚೇರಿ, ಬಟ್ಟೆ ಅಂಗಡಿ, ಕ್ಲಿನಿಕ್ಕು, ಎಲ್ಲೆಲ್ಲೂ ಮಲಯಾಳಂ ಕಿವಿಗೆ ಬೀಳುತ್ತದೆ. ಮಂಗಳೂರು, ಉಡುಪಿ, ಭಟ್ಕಳದವರು ಅವರ ನಡುವೆ ಸುಲಭವಾಗಿ ಬೆರೆತುಹೋಗುತ್ತಾರೆ. ನನ್ನಂಥ ಬಯಲುಸೀಮೆಯವರು ಅಲ್ಲೊಬ್ಬ ಇಲ್ಲೊಬ್ಬ. 2022ರ ಡಿಸೆಂಬರಿನ ಒಂದು ಸಂಜೆ ನಾನು ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲಿ ಅವಳ ಹಳೆಯ ತಾಯಿ ಕಾರ್ಡ್ ಹಿಡಿದು ಕಾಯುತ್ತಿದ್ದೆ. ಹೆಂಡತಿ ಮಗಳು ಊರಿಂದ ಬಂದು ತಿಂಗಳಾಗಿತ್ತು. ಶಾಲೆಯವರು ಲಸಿಕೆಯ ದಾಖಲೆ ಕೇಳಿದ್ದರು.

ಪಕ್ಕದಲ್ಲಿ ಕೂತಿದ್ದ ಪಾಕಿಸ್ತಾನದ ಡ್ರೈವರ್ ಒಬ್ಬರು ಮಗುವಿಗೆ ಏನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ, ದಡಾರದ ಲಸಿಕೆ ಹಾಕಿಸಬೇಕು ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಲು ಹೋದರೆ ದಡಾರಕ್ಕೆ ಹಿಂದಿಯಲ್ಲಿ ಏನನ್ನುತ್ತಾರೆ ಎಂಬುದೇ ಹೊಳೆಯಲಿಲ್ಲ. ಕೈಯಿಂದ ಮೈಮೇಲೆ ಚುಕ್ಕೆ ಇಟ್ಟು ತೋರಿಸಿದೆ. "ಅಚ್ಛಾ, ಖಸ್ರಾ" ಎಂದರು. ಕೌಂಟರಿನಲ್ಲಿದ್ದ ಮಲಪ್ಪುರದ ನರ್ಸಮ್ಮ "ಅಂಚಾಂಪನಿ" ಎಂದು ತಿದ್ದಿದರು. ಒಳಗೆ ಹೋದಾಗ ಸುಡಾನಿನ ಡಾಕ್ಟರು ಕಾರ್ಡಿನ ಮೇಲೆ ಬೆರಳಾಡಿಸಿ "ಹಸ್ಬಾ ಒಂದೇ ಡೋಸ್ ಆಗಿದೆ, ಎರಡನೆಯದು ಎಲ್ಲಿ?" ಎಂದರು. ನನ್ನಲ್ಲಿ ಉತ್ತರ ಇತ್ತು, ಆದರೆ ಹೇಳಲು ನಾಚಿಕೆಯಾಯಿತು. ಅದನ್ನು ಮುಂದೆ ಬರೆಯುತ್ತೇನೆ.

ಹಸ್ಬಾ ಎಂಬ ಮಾತಿಗೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಹತ್ತನೆಯ ಶತಮಾನದ ಆರಂಭದಲ್ಲಿ ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅಲ್-ರಾಝಿ ಎಂಬ ವೈದ್ಯರು ಸಿಡುಬು ಮತ್ತು ದಡಾರದ ಬಗ್ಗೆ ಒಂದು ಪುಸ್ತಕ ಬರೆದರು. ಹೆಸರು 'ಕಿತಾಬ್ ಅಲ್-ಜುದರಿ ವಲ್-ಹಸ್ಬಾ'. ಅಲ್ಲಿಯವರೆಗೆ ಮೈಮೇಲೆ ಏಳುವ ಗುಳ್ಳೆ ಗಂಧೆಗಳೆಲ್ಲ ಒಂದೇ ಗಂಟಿನಲ್ಲಿದ್ದವು. ಎರಡನ್ನೂ ಬೇರ್ಪಡಿಸಿ, ಬೆನ್ನುನೋವು ಜಾಸ್ತಿ ಇದ್ದರೆ ಸಿಡುಬು, ಚಡಪಡಿಕೆ ಮತ್ತು ವಾಕರಿಕೆ ಜಾಸ್ತಿ ಇದ್ದರೆ ದಡಾರ ಎಂದು ಗುರುತು ಹೇಳಿಕೊಟ್ಟವರು ಅವರು. ಇವೆರಡರಲ್ಲಿ ದಡಾರಕ್ಕೇ ಹೆಚ್ಚು ಹೆದರಬೇಕು ಎಂದೂ ಬರೆದಿದ್ದಾರೆ. ಡಾಕ್ಟರಿಂದ ಈ ಸಂಗತಿ ಕೇಳಿದಾಗ ನನಗೆ ಆಶ್ಚರ್ಯವಾಯಿತು. ದಡಾರ ಎಂದರೆ ಬಂದು ಹೋಗುವ ಕಾಯಿಲೆ, ಒಂದು ವಾರ ಬೇವಿನ ಸೊಪ್ಪು, ಮೊಸರನ್ನ, ಆಮೇಲೆ ತಲೆಗೆ ನೀರು, ಅಷ್ಟೇ ತಾನೇ? ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಎಲ್ಲರೂ ಅಂದರೆ, ದೊಡ್ಡಪ್ಪ ಒಬ್ಬರನ್ನು ಬಿಟ್ಟು.

ನಮ್ಮೂರು ಹರಿಹರದ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ. ಈಗ ದಾವಣಗೆರೆ ಜಿಲ್ಲೆ, ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಅಜ್ಜ ಊರಿನ ಶಾನುಭೋಗರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬರುವವರೆಗೆ ಲೆಕ್ಕ ಬರೆಯುವುದೇ ಅವರ ಕೆಲಸ. ನಾನು ಸಿಎ ಪಾಸಾದಾಗ ಊರಲ್ಲಿ ಒಬ್ಬರು "ಅಂತೂ ಮೊಮ್ಮಗನೂ ಶಾನುಭೋಗಿಕೆಗೇ ಬಂದ" ಎಂದಿದ್ದರು. ಪಹಣಿ, ಕಂದಾಯದ ಜೊತೆಗೆ ಊರಿನಲ್ಲಿ ಯಾರು ಹುಟ್ಟಿದರು ಯಾರು ಸತ್ತರು ಎಂಬುದನ್ನೂ ಬರೆದು ಮೇಲಕ್ಕೆ ಕಳಿಸಬೇಕಿತ್ತು. ವರದಿ ಕೊಡುವ ಹೊಣೆ ಪಟೇಲರದು. ನಮ್ಮೂರಿನ ಪಟೇಲರಿಗೆ ಬರವಣಿಗೆ ಅಷ್ಟಕ್ಕಷ್ಟೇ ಆದ್ದರಿಂದ ಅದೂ ಅಜ್ಜನ ಲೆಕ್ಕಣಿಕೆಗೇ ಬಂದಿತ್ತು. ಕಳಿಸಿದ್ದರ ನಕಲನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲು ಬಿಟ್ಟುಕೊಟ್ಟ ಕೆಲವು ಹಾಳೆಗಳು ಈಗಲೂ ಇವೆ.

ಸಾವಿನ ಹಾಳೆಯಲ್ಲಿ ಕಾರಣಗಳಿಗೆ ಕಾಲಂಗಳಿವೆ. ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಗಾಯ, ಇತರೆ. ಇದು ಅಜ್ಜ ಹಾಕಿದ ಗೆರೆಯಲ್ಲ. ಬ್ರಿಟಿಷ್ ಇಂಡಿಯಾದ ಪ್ರಾಂತಗಳ ಜನನ ಮರಣ ವರದಿಗಳೆಲ್ಲ ಹೆಚ್ಚುಕಡಿಮೆ ಇದೇ ಅಚ್ಚಿನವು. ಮೈಸೂರಿನವರೂ ಅದೇ ಜಾಡು ಹಿಡಿದಿದ್ದರು. ನಾನು ಮೂವತ್ತು ವರ್ಷದ ಹತ್ತಿರ ಕಾಲಂಗಳ ಜೊತೆ ಬದುಕಿದವನು. ಒಂದು ಲೆಕ್ಕದ ಪುಸ್ತಕ ಕೈಗೆ ಬಂದರೆ ಮೊದಲು ಮೊತ್ತ ನೋಡುವುದಿಲ್ಲ, ಯಾವ ಯಾವ ಖಾತೆ ಇದೆ ನೋಡುತ್ತೇನೆ. ಯಾವುದಕ್ಕೆ ಖಾತೆ ತೆರೆದಿದ್ದಾರೋ ಅದರ ಬಗ್ಗೆ ಯಜಮಾನನಿಗೆ ಕಾಳಜಿ ಇದೆ ಅಂತ ಅರ್ಥ. ಖಾತೆ ಇಲ್ಲದ ಖರ್ಚೆಲ್ಲ 'ಇತರೆ' ಎಂಬ ಹಳ್ಳಕ್ಕೆ ಬೀಳುತ್ತದೆ, ಅಲ್ಲಿ ಬಿದ್ದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ಕಾಲರಾಕ್ಕೆ ಕಾಲಂ ಇತ್ತು, ಏಕೆಂದರೆ ಅದು ದಂಡಿಗೆ, ಹಡಗಿಗೆ, ವ್ಯಾಪಾರಕ್ಕೆ ಹೊಡೆತ ಕೊಡುತ್ತಿತ್ತು. ನಾನಿರುವ ಈ ಊರೇ ಅದಕ್ಕೆ ಸಾಕ್ಷಿ. 1865ರ ಹಜ್ ಕಾಲದಲ್ಲಿ ಇಲ್ಲಿ ಹಬ್ಬಿದ ಕಾಲರಾ ಯಾತ್ರಿಕರ ಜೊತೆ ಈಜಿಪ್ಟಿಗೆ, ಅಲ್ಲಿಂದ ಯುರೋಪಿಗೆ ಹೋದಾಗಲೇ ಮುಂದಿನ ವರ್ಷ ಇಸ್ತಾಂಬುಲಿನಲ್ಲಿ ದೇಶ ದೇಶಗಳವರು ಸಭೆ ಸೇರಿದ್ದು. ಪ್ಲೇಗಿಗೆ ಕಾಲಂ ಬಂತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳಿಗೆ ಜನ ಹೋದರು. ಸಿಡುಬಿಗಂತೂ ಕಾಲಂ ಜೊತೆಗೆ ಲಸಿಕೆಯೂ ಇತ್ತು. 1805ರ ಹೊತ್ತಿಗೆ ಥಾಮಸ್ ಹಿಕಿ ಬರೆದ ಮೈಸೂರಿನ ಮೂವರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೀರೆಯ ಅಂಚು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸಲಿಕ್ಕೇ ಎಂದು ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ವಾದಿಸಿದ್ದಾರೆ. ಅರಮನೆಯಿಂದ ಹಳ್ಳಿಯವರೆಗೆ ಆ ಕಾಯಿಲೆಯ ಲೆಕ್ಕ ನಡೆಯಿತು, ಲೆಕ್ಕ ನಡೆದದ್ದಕ್ಕೆ ದುಡ್ಡು ಬಂತು, ದುಡ್ಡು ಬಂದದ್ದಕ್ಕೆ ಲಸಿಕೆ ಹಾಕುವವರು ಊರೂರು ತಿರುಗಿದರು. 1975ರ ಮೇ ತಿಂಗಳ ನಂತರ ಭಾರತದಲ್ಲಿ ಸಿಡುಬಿನ ಒಂದು ಪ್ರಕರಣವೂ ಇಲ್ಲ.

ದಡಾರಕ್ಕೆ ಕಾಲಂ ಇರಲಿಲ್ಲ. ಅದು ಸಾಯಿಸುತ್ತಿದ್ದುದು ಮಕ್ಕಳನ್ನು, ಅದರಲ್ಲೂ ಐದು ವರ್ಷದೊಳಗಿನವರನ್ನು. ದಂಡಿಗೆ ಸೇರುವ ವಯಸ್ಸಲ್ಲ, ತೆರಿಗೆ ಕೊಡುವ ವಯಸ್ಸೂ ಅಲ್ಲ.

ಇನ್ನು ದೊಡ್ಡಪ್ಪ ಹೇಳಿದ ಕಥೆ. ಅವರು ಹುಟ್ಟಿದ್ದು 1936ರಲ್ಲಿ, ನಮ್ಮಪ್ಪನಿಗಿಂತ ಹನ್ನೊಂದು ವರ್ಷ ದೊಡ್ಡವರು. ಅವರಿಗೂ ಅಪ್ಪನಿಗೂ ನಡುವೆ ಅಷ್ಟು ದೊಡ್ಡ ಕಂದಕ ಯಾಕೆ ಎಂದು ಹುಡುಗನಾಗಿದ್ದಾಗ ಕೇಳಿದರೆ ಅಜ್ಜಿ ಉತ್ತರ ಕೊಡುತ್ತಿರಲಿಲ್ಲ. ಎಂಟು ವರ್ಷದವರಿದ್ದಾಗ ದೊಡ್ಡಪ್ಪ ಹೊಳೆಯಾಚೆ ಜಾತ್ರೆಗೆ ಹೋಗಿ ಬಂದರಂತೆ. ಕೆಲವು ದಿನಕ್ಕೆ ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಕಿವಿಯ ಹಿಂದಿನಿಂದ ಇಳಿದು ಮೈಯೆಲ್ಲ ಗಂಧೆ. ಗೊಬ್ಬರ ಅಂದರು, ಅಮ್ಮ ಬಂದಿದ್ದಾಳೆ ಅಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ನಿಲ್ಲಿಸಿದರು. ಹೊರಗಿನವರು ಮನೆಗೆ ಬರುವುದು ನಿಂತಿತು.

"ಅಮಾಸಿ ದಿವ್ಸ ನಂಗ್ ಎದ್ದಿದ್ದು. ಹುಣ್ಣಿಮಿಗೆ ಅವೆರಡಕ್ಕೂ ಎದ್ವು" ಎಂದರು ದೊಡ್ಡಪ್ಪ. ಅವೆರಡು ಅಂದರೆ ಅವರ ತಂಗಿಯರು. ಒಂದಕ್ಕೆ ನಾಲ್ಕು ವರ್ಷ, ಇನ್ನೊಂದಕ್ಕೆ ಒಂದೂವರೆ. ಚಿಕ್ಕದು ಗಂಧೆ ಮಾಸುವ ಮೊದಲೇ ಎದೆ ಕಟ್ಟಿ ಹೋಯಿತು. ದೊಡ್ಡದಕ್ಕೆ ವಾಸಿಯಾಯಿತು, ತಲೆಗೆ ನೀರು ಹಾಕಿದರು, ಬಾಗಿಲ ಬೇವು ತೆಗೆದರು. ಆದರೆ ಮಗು ಮತ್ತೆ ಮೈ ಹಿಡಿಯಲೇ ಇಲ್ಲ. ಒಂದೂವರೆ ತಿಂಗಳಿಗೆ ಭೇದಿ ಹತ್ತಿ ಅದೂ ಹೋಯಿತು. ಟ್ರಂಕಿನ ಹಾಳೆಯಲ್ಲಿ ಅಜ್ಜನ ಕೈಬರಹದಲ್ಲೇ ಎರಡೂ ಇವೆ. ಒಂದರ ಮುಂದೆ ಜ್ವರದ ಕಾಲಮ್ಮಿನಲ್ಲಿ ಗುರುತು, ಇನ್ನೊಂದರ ಮುಂದೆ ಭೇದಿಯ ಕಾಲಮ್ಮಿನಲ್ಲಿ ಗುರುತು. ತಂದೆಯ ಹೆಸರಿನ ಜಾಗದಲ್ಲಿ ಅವರದೇ ಹೆಸರು. ಅಕ್ಷರ ಎಲ್ಲೂ ಅಲುಗಿಲ್ಲ. ಅಲುಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಆಡಿಟ್ ಮಾಡುವವನ ಬುದ್ಧಿ, ಲೆಕ್ಕ ಹಾಕದೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ದಡಾರ ಬಂದದ್ದು ಮೂರು ಮಕ್ಕಳಿಗೆ. ಸತ್ತದ್ದು ಎರಡು. ಆದರೆ ಸರ್ಕಾರದ ಪುಸ್ತಕದ ಪ್ರಕಾರ ಆ ವರ್ಷ ನಮ್ಮೂರಿನಲ್ಲಿ ದಡಾರದಿಂದ ಸತ್ತವರು ಸೊನ್ನೆ. ಬೇವು ಕಟ್ಟಿದ ಮನೆಗಳು ಊರಲ್ಲಿ ಎಷ್ಟಿದ್ದವು ಎಂಬುದೂ ಯಾವ ಪುಸ್ತಕದಲ್ಲೂ ಇಲ್ಲ. ಭಾಜ್ಯವೂ ಇಲ್ಲ, ಭಾಜಕವೂ ಇಲ್ಲ. ದಡಾರದಿಂದ ಯಾರೂ ಸಾಯುವುದಿಲ್ಲ ಎಂಬ ನಮ್ಮ ಮನೆಯ ನಂಬಿಕೆ ಹುಟ್ಟಿದ್ದು ಈ ಸೊನ್ನೆಯಿಂದ ಇರಬೇಕು ಅಂತ ನನಗನ್ನಿಸುತ್ತದೆ.

ಅಮಾವಾಸ್ಯೆಗೆ ಒಬ್ಬರಿಗೆ, ಹುಣ್ಣಿಮೆಗೆ ಇನ್ನಿಬ್ಬರಿಗೆ ಎಂಬ ದೊಡ್ಡಪ್ಪನ ಮಾತು ಮರೆತುಹೋಗುವಂಥದ್ದಾಗಿತ್ತು. ಆಮೇಲೆ ಪೀಟರ್ ಲುಡ್ವಿಗ್ ಪಾನಮ್ ಎಂಬಾತನ ಬಗ್ಗೆ ಓದಿದೆ. 1846ರಲ್ಲಿ ಉತ್ತರ ಅಟ್ಲಾಂಟಿಕ್ಕಿನ ಫ್ಯಾರೋ ದ್ವೀಪಗಳಿಗೆ ಕೋಪನ್‌ಹೇಗನ್ನಿನಿಂದ ಬಂದ ಒಬ್ಬ ಮರಗೆಲಸದವನ ಜೊತೆ ದಡಾರ ಬಂತು. ಡೆನ್ಮಾರ್ಕ್ ಸರ್ಕಾರ ಇಪ್ಪತ್ತೈದು ವರ್ಷದ ಪಾನಮ್‌ನನ್ನು ನೋಡಿಕೊಂಡು ಬರಲು ಕಳಿಸಿತು. ದ್ವೀಪಗಳಲ್ಲಿದ್ದವರು ಸುಮಾರು 7,800 ಜನ, ಅವರಲ್ಲಿ 6,000ದಷ್ಟು ಮಂದಿಗೆ ಕಾಯಿಲೆ. ಆತ ದೋಣಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಯಾರ ಮನೆಗೆ ಯಾರು ಯಾವ ದಿನ ಬಂದಿದ್ದರು, ಎಷ್ಟನೆಯ ದಿನ ಗಂಧೆ ಎದ್ದಿತು ಎಂದು ಬರೆದುಕೊಂಡ. ಬಹುತೇಕ ಎಲ್ಲ ಕಡೆ ಉತ್ತರ ಒಂದೇ. ಹದಿಮೂರರಿಂದ ಹದಿನಾಲ್ಕು ದಿನ. ಅಮಾವಾಸ್ಯೆಯಿಂದ ಹುಣ್ಣಿಮೆ! ಇನ್ನೊಂದು ಸಂಗತಿಯನ್ನೂ ಆತ ಕಂಡ. ಅದಕ್ಕಿಂತ ಹಿಂದೆ ಅಲ್ಲಿ ದಡಾರ ಬಂದಿದ್ದು 1781ರಲ್ಲಿ. ಆಗ ಕಾಯಿಲೆ ಬಿದ್ದು ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಅರವತ್ತೈದು ವರ್ಷದ ನಂತರ ಅದು ಮತ್ತೆ ಬರಲಿಲ್ಲ. ಒಮ್ಮೆ ಬಂದರೆ ಮುಗಿಯಿತು ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ನಿಜವೆಂದು ಇದರಿಂದ ಸಿದ್ಧವಾಯಿತು.

ಬೇವಿನ ಸೊಪ್ಪಿನ ಬಗ್ಗೆಯೂ ಒಂದು ಮಾತು. ಅದನ್ನು ಬರಿಯ ಮೂಢನಂಬಿಕೆ ಅನ್ನಲು ನನಗೆ ಮನಸ್ಸಿಲ್ಲ. ಈ ಮನೆಗೆ ಬರಬೇಡಿ ಎಂದು ಓದು ಬರಹ ಇಲ್ಲದವರಿಗೂ ತಿಳಿಯುವ ಬೋರ್ಡು ಅದು. 2019ರ ಡಿಸೆಂಬರಿನಲ್ಲಿ ಪೆಸಿಫಿಕ್ ಸಾಗರದ ಸಮೋವಾ ದೇಶದಲ್ಲಿ ಲಸಿಕೆ ಹಾಕಿಸದವರು ಇರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಸರ್ಕಾರವೇ ಹೇಳಿತು. ಆ ಬಟ್ಟೆ ನೋಡಿ ಲಸಿಕೆಯವರು ಮನೆಗೆ ಬರುತ್ತಿದ್ದರು. ನಮ್ಮ ಬೇವಿನ ತೊಂದರೆ ಏನೆಂದರೆ, ಅದನ್ನು ಕಟ್ಟುತ್ತಿದ್ದುದು ಗಂಧೆ ಎದ್ದ ಮೇಲೆ. ದಡಾರದ ರೋಗಿ ಗಂಧೆ ಏಳುವ ನಾಲ್ಕು ದಿನ ಮೊದಲಿನಿಂದಲೇ ಕಾಯಿಲೆ ಹಂಚಲು ಶುರು ಮಾಡಿರುತ್ತಾನೆ. ಅವನು ಎದ್ದು ಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ರೋಗಾಣು ಉಳಿದಿರಬಹುದು. ಬಾಗಿಲಿಗೆ ಬೇವು ಏರುವ ಹೊತ್ತಿಗೆ ಒಳಗಿನ ಮಕ್ಕಳ ಪಾಲಿಗೆ ತಡವಾಗಿರುತ್ತಿತ್ತು.

ದೊಡ್ಡಪ್ಪ ಬದುಕಿದರು, ಹಿಂದಿನಿಂದ ಬಿದ್ದ ತಂಗಿಯರು ಹೋದರು. ಇದು ವಿಧಿ ಎಂದು ಮನೆಯವರು ಬಿಟ್ಟಿದ್ದರು. ಇದನ್ನೇ ಇಟ್ಟುಕೊಂಡು ಕೂತ ಇನ್ನೊಬ್ಬ ಡೆನ್ಮಾರ್ಕಿನವರು ಪೀಟರ್ ಆಬಿ. ಅವರು ಮಾನವಶಾಸ್ತ್ರ ಓದಿ 1978ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ-ಬಿಸ್ಸಾವ್‌ಗೆ ಹೋದವರು. ಮರುವರ್ಷ ಅಲ್ಲಿ ದಡಾರ ಬಂದು ಬಹಳ ಮಕ್ಕಳು ಸತ್ತವು. ಹೊಟ್ಟೆಗಿಲ್ಲದ ಮಕ್ಕಳು ಸಾಯುತ್ತವೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮಕ್ಕಳ ತೂಕ ಎತ್ತರಗಳನ್ನು ಮೊದಲೇ ಅಳೆದಿಟ್ಟುಕೊಂಡಿದ್ದ ಆಬಿಗೆ ಲೆಕ್ಕ ಹೊಂದಲಿಲ್ಲ. ಸತ್ತ ಮಕ್ಕಳು ಉಳಿದವರಿಗಿಂತ ಬಡಕಲಾಗಿರಲಿಲ್ಲ. ಹೊಂದಿದ್ದು ಇನ್ನೊಂದು ಲೆಕ್ಕ. ಹೊರಗಿನಿಂದ ಕಾಯಿಲೆ ತಂದ ಮೊದಲ ಮಗುವಿಗಿಂತ, ಒಂದೇ ಕೋಣೆಯಲ್ಲಿ ಅದರ ಪಕ್ಕ ಮಲಗಿ ಹತ್ತಿಸಿಕೊಂಡ ಎರಡನೆಯ ಮೂರನೆಯ ಮಕ್ಕಳಲ್ಲಿ ಸಾವು ಹೆಚ್ಚು. ಹೊರಗೆ ಸ್ವಲ್ಪ ಹೊತ್ತು ತಾಗಿ ಬಂದವರಿಗೂ ಹಗಲು ರಾತ್ರಿ ಅದೇ ಗಾಳಿ ಉಸಿರಾಡಿದವರಿಗೂ ವ್ಯತ್ಯಾಸವಿದೆ ಎಂದು ಅವರು ವಾದಿಸಿದರು. ನಮ್ಮ ಮನೆಯಲ್ಲಿ ಮೂರು ಮಕ್ಕಳಿಗೂ ಒಂದೇ ಕೌದಿ.

ದೊಡ್ಡ ಮಗುವಿನ ಭೇದಿಯ ಮಾತು ಬೇರೆ. ದಡಾರ ದೇಹದ ನೆನಪನ್ನೇ ಅಳಿಸಿಹಾಕುತ್ತದೆ, ಹಿಂದೆ ಎದುರಿಸಿದ ರೋಗಗಳ ಗುರುತನ್ನು ಮರೆಸುತ್ತದೆ ಎಂಬುದು ಈಚಿನ ಸಂಶೋಧನೆ. ಮೈಕೆಲ್ ಮಿನಾ ಮತ್ತು ಸಂಗಡಿಗರು 2015ರಲ್ಲೂ 2019ರಲ್ಲೂ ಇದನ್ನು ತೋರಿಸಿದರು. ಗಂಧೆ ಮಾಸಿದ ಮೇಲೂ ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ಮೂರು ವರ್ಷ, ಮಗು ಬೇರೆ ಕಾಯಿಲೆಗಳಿಗೆ ಬಾಗಿಲು ತೆರೆದುಕೊಂಡೇ ಇರುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳಬೇಕೆಂದರೆ, ಮಾರ್ಚಿಯ ಖರ್ಚು ಮೇ ತಿಂಗಳಲ್ಲಿ ಬೇರೆ ಖಾತೆಗೆ ಬೀಳುತ್ತದೆ. ಅಜ್ಜ ಭೇದಿ ಎಂದು ಬರೆದದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹಾಗಾದರೆ ದಡಾರ ಬಂದ ಎಷ್ಟು ಜನರಲ್ಲಿ ಎಷ್ಟು ಜನ ಸಾಯುತ್ತಾರೆ? ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಸಿಗುತ್ತದೆ, ಯಾವುದೂ ತಪ್ಪಲ್ಲ. ಲಸಿಕೆ ಬರುವ ಮೊದಲು ಅಮೆರಿಕದಲ್ಲಿ ವರ್ಷಕ್ಕೆ 400ರಿಂದ 500 ಜನ ಸಾಯುತ್ತಿದ್ದರು. ಸರ್ಕಾರಕ್ಕೆ ವರದಿಯಾಗುತ್ತಿದ್ದ ಪ್ರಕರಣ ಸುಮಾರು 5 ಲಕ್ಷ. ಭಾಗಿಸಿದರೆ ಸಾವಿರಕ್ಕೆ ಒಂದು. ಆದರೆ ನಿಜವಾಗಿ ಕಾಯಿಲೆ ಬೀಳುತ್ತಿದ್ದವರು 30ರಿಂದ 40 ಲಕ್ಷ ಎಂಬ ಅಂದಾಜಿದೆ. ಅದರಿಂದ ಭಾಗಿಸಿದರೆ ಏಳೆಂಟು ಸಾವಿರಕ್ಕೆ ಒಂದು. ಸಮೋವಾದಲ್ಲಿ 2019ರಲ್ಲಿ 5,700 ಚಿಲ್ಲರೆ ಪ್ರಕರಣ, 83 ಸಾವು, ಹೆಚ್ಚಿನವು ಐದು ವರ್ಷದೊಳಗಿನ ಮಕ್ಕಳದು. ಅಂದರೆ ಸಾವಿರಕ್ಕೆ ಹದಿನಾಲ್ಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2023ರಲ್ಲಿ ಇಡೀ ಜಗತ್ತಿನಲ್ಲಿ ಒಂದು ಕೋಟಿ ಮೂರು ಲಕ್ಷ ಪ್ರಕರಣ, 1,07,500 ಸಾವು. ಸಾವಿರಕ್ಕೆ ಹತ್ತು. ಇನ್ನು ಫಿಜಿ ದ್ವೀಪಗಳದು ಬೇರೆಯೇ ಕಥೆ. 1875ರ ಜನವರಿಯಲ್ಲಿ ಅಲ್ಲಿನ ರಾಜ ಥಾಕೊಂಬಾವ್ ಸಿಡ್ನಿಯಿಂದ 'ಡಿಡೋ' ಎಂಬ ಬ್ರಿಟಿಷ್ ನೌಕೆಯಲ್ಲಿ ಮಕ್ಕಳೊಂದಿಗೆ ಹಿಂದಿರುಗಿದಾಗ ದಡಾರವೂ ಇಳಿಯಿತು. ಒಂದೂವರೆ ಲಕ್ಷದಷ್ಟು ಜನರಲ್ಲಿ ಸುಮಾರು 40,000 ಮಂದಿ ಕೆಲವೇ ತಿಂಗಳಲ್ಲಿ ಸತ್ತರು. ಹಿಂದೆಂದೂ ಆ ಕಾಯಿಲೆ ಕಾಣದ ಊರುಗಳಲ್ಲಿ ಮಕ್ಕಳು ಮುದುಕರು ಎಲ್ಲರೂ ಒಟ್ಟಿಗೆ ಮಲಗಿದರು, ಒಬ್ಬರಿಗೊಬ್ಬರು ನೀರು ತಂದುಕೊಡುವವರೂ ಇರಲಿಲ್ಲ. ನಾಲ್ಕು ವರ್ಷದ ನಂತರ ಅಲ್ಲಿನ ತೋಟಗಳಿಗೆ ಭಾರತದ ಗಿರ್ಮಿಟಿಯಾ ಕೂಲಿಗಳನ್ನು ಹೊತ್ತ ಮೊದಲ ಹಡಗು 'ಲಿಯೋನಿಡಾಸ್' ಹೋಯಿತು. ಕೊಲ್ಲಿಯ ದೇಶದಲ್ಲಿ ಇಕಾಮಾ ಹಿಡಿದು ದುಡಿಯುವ ನನ್ನಂಥವನಿಗೆ ಈ ಎರಡು ಘಟನೆಗಳನ್ನು ಒಂದರ ಪಕ್ಕ ಒಂದು ಇಟ್ಟು ಓದುವಾಗ ಏನೇನೋ ಅನ್ನಿಸುತ್ತದೆ.

ರೋಗಾಣು ಅದೇ. ದರ ಮಾತ್ರ ಏಳು ಸಾವಿರಕ್ಕೆ ಒಂದರಿಂದ ನಾಲ್ಕಕ್ಕೆ ಒಂದರವರೆಗೆ ಓಡಾಡುತ್ತದೆ. ಹಾಗಾಗಿ 'ದಡಾರದ ಸಾವಿನ ದರ' ಎಂದು ಯಾರಾದರೂ ಒಂದೇ ಅಂಕಿ ಹೇಳಿದರೆ ನಾನು ಕೇಳುವುದು, ಯಾವ ಊರಿನದು, ಯಾವ ವರ್ಷದ್ದು, ಏನನ್ನು ಏನರಿಂದ ಭಾಗಿಸಿದ್ದು ಅಂತ. ಮನೆಯ ಕೋಣೆಗಳೆಷ್ಟು, ಆಸ್ಪತ್ರೆ ಎಷ್ಟು ದೂರ, ಮಗುವಿನ ಮೈಯಲ್ಲಿ ಎ ಜೀವಸತ್ವ ಎಷ್ಟಿದೆ, ಇವೆಲ್ಲ ಸೇರಿಯೇ ಆ ಅಂಕಿ ಆಗುವುದು. ಎ ಜೀವಸತ್ವವನ್ನು ಸುಮ್ಮನೆ ಹೇಳಲಿಲ್ಲ. 1990ರಲ್ಲಿ ಕೇಪ್‌ಟೌನಿನ ವೈದ್ಯರು ಆಸ್ಪತ್ರೆಗೆ ಸೇರಿದ ದಡಾರದ ಮಕ್ಕಳಿಗೆ ಅದನ್ನು ಕೊಟ್ಟು ನೋಡಿದಾಗ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. ಈಗ ದಡಾರ ಬಂದ ಮಗುವಿಗೆ ವೈದ್ಯರು ಎರಡು ದಿನ ಅದರ ಡೋಸ್ ಕೊಡುತ್ತಾರೆ. ಅದು ಚಿಕಿತ್ಸೆಯ ಭಾಗ, ಲಸಿಕೆಯ ಬದಲಿಗೆ ಅಲ್ಲ.

ಲಸಿಕೆಗೆ ಬರೋಣ. ಸಿಡುಬಿನ ಲಸಿಕೆಯನ್ನು ಜೆನ್ನರ್ ಪ್ರಕಟಿಸಿದ್ದು 1798ರಲ್ಲಿ. ದಡಾರದ ಲಸಿಕೆ ಬಂದದ್ದು 1963ರಲ್ಲಿ, ಅಮೆರಿಕದ ಜಾನ್ ಎಂಡರ್ಸ್ ಮತ್ತು ಸಂಗಡಿಗರಿಂದ. ಅದೇ ವರ್ಷ ಅಜ್ಜನ ಶಾನುಭೋಗಿಕೆ ಹೋಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರ ಸೇರಿದ್ದು 1985ರಲ್ಲಿ. ಎರಡನೆಯ ಡೋಸ್ ಶುರುವಾಗಿದ್ದು 2010ರಿಂದ. ಒಂದು ಡೋಸ್ ಎಲ್ಲರ ಮೈಯಲ್ಲೂ ಹಿಡಿಯುವುದಿಲ್ಲ. ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನಕ್ಕೆ ಹರಡಬಲ್ಲ ಈ ಕಾಯಿಲೆಯನ್ನು ಕಟ್ಟಿಹಾಕಲು ನೂರಕ್ಕೆ ತೊಂಬತ್ತೈದು ಜನ ಎರಡೂ ಡೋಸ್ ಪಡೆದಿರಬೇಕು.

ಈಗ ಡಾಕ್ಟರಿಗೆ ನಾನು ಕೊಡದ ಉತ್ತರ. ಮಗಳಿಗೆ ಒಂಬತ್ತು ತಿಂಗಳಿಗೆ ಮೊದಲ ಡೋಸ್ ಆಗಿತ್ತು. ಎರಡನೆಯದರ ಹೊತ್ತಿಗೆ ನಾನು ಜೆದ್ದಾಕ್ಕೆ ಬಂದೆ, ಹೆಂಡತಿ ಮನೆ ಬದಲಿಸಿದಳು, ತಪ್ಪಿಹೋಯಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೂ, ಹಿಂದೆ ಹಾಕಿಸಿದ್ದರೂ ಹಾಕಿಸದಿದ್ದರೂ, ಶಾಲೆಯಲ್ಲೇ ಒಂದು ಚುಚ್ಚುಮದ್ದು. ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲೂ ಅದೇ ಹೊತ್ತಿಗೆ. ಶಾಲೆಯಿಂದ ಚೀಟಿ ಬಂತು. ಆ ವಾರವೇ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿತ್ತು. ಯಾವುದೋ ಊರಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳು ತಲೆಸುತ್ತಿ ಬಿದ್ದವಂತೆ, ಇದರಿಂದ ಮಕ್ಕಳ ಬುದ್ಧಿ ಮಂಕಾಗುತ್ತದಂತೆ. ಹೆಂಡತಿ ಫೋನ್ ಮಾಡಿ ಏನು ಮಾಡಲಿ ಅಂದಳು. ನಾನು ಇಲ್ಲಿ ಶರಫಿಯಾದ ಕೋಣೆಯಲ್ಲಿ ಕೂತು, "ಸದ್ಯಕ್ಕೆ ಬೇಡ, ಮುಂದೆ ನೋಡೋಣ" ಅಂದೆ. ಅಷ್ಟೇ ಅಲ್ಲ, ಆ ಸಂದೇಶವನ್ನು ಇನ್ನೆರಡು ಗುಂಪಿಗೆ ಕಳಿಸಿದೆ.

ಹಗಲೆಲ್ಲ ಕಂಪನಿಯ ವೋಚರ್‌ಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಇದಕ್ಕೆ ಆಧಾರ ಎಲ್ಲಿ, ಬಿಲ್ಲು ಎಲ್ಲಿ ಎಂದು ಜೀವ ತಿನ್ನುವವನು ನಾನು. ಆ ಸಂದೇಶಕ್ಕೆ ಎಷ್ಟು ಮಕ್ಕಳಲ್ಲಿ ಎಷ್ಟು ಎಂದು ಕೇಳಲಿಲ್ಲ. ಬುದ್ಧಿ ಮಂಕಾಗುವ ಮಾತಿನ ಮೂಲ ಹುಡುಕಿದ್ದು ಎಷ್ಟೋ ವರ್ಷದ ಮೇಲೆ. 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತಿತರರು ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂಬ ಗುಮಾನಿ ಹುಟ್ಟಿಸಿದ ಬರಹ ಅದು. ಅದರಲ್ಲಿದ್ದ ಮಕ್ಕಳು ಹನ್ನೆರಡು. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರು ಹೊಡೆದುಹಾಕಿದರು. 2019ರಲ್ಲಿ ಡೆನ್ಮಾರ್ಕಿನವರು (ಈ ಲೇಖನದಲ್ಲಿ ಅವರದು ಮೂರನೆಯ ಸರದಿ!) 6,57,461 ಮಕ್ಕಳ ದಾಖಲೆ ನೋಡಿ ಅಂಥ ಯಾವ ನಂಟೂ ಇಲ್ಲ ಎಂದು ಪ್ರಕಟಿಸಿದರು. ಹನ್ನೆರಡರ ಮಾತು ನನ್ನ ಫೋನಿಗೆ ತಾನಾಗಿ ಬಂದಿತ್ತು. ಆರೂವರೆ ಲಕ್ಷದ ಮಾತನ್ನು ನಾನೇ ಹುಡುಕಿಕೊಂಡು ಹೋಗಬೇಕಾಯಿತು.

ಸಮೋವಾದಲ್ಲಿ ಆದದ್ದೂ ಇಂಥದ್ದೇ. 2018ರಲ್ಲಿ ಇಬ್ಬರು ನರ್ಸುಗಳು ಲಸಿಕೆಯ ಪುಡಿಗೆ ನೀರಿನ ಬದಲು ಬೇರೆ ಔಷಧಿ ಬೆರೆಸಿದ ತಪ್ಪಿಗೆ ಎರಡು ಕೂಸುಗಳು ಸತ್ತವು. ಜನ ಲಸಿಕೆಗೇ ಹೆದರಿದರು, ಸರ್ಕಾರವೂ ತಿಂಗಳುಗಟ್ಟಲೆ ನಿಲ್ಲಿಸಿತು. ಎರಡು ಸಾವಿನ ಹೆದರಿಕೆಗೆ ಮರುವರ್ಷ ಕೊಟ್ಟ ಬೆಲೆ 83. ಆ ಹೆದರಿಕೆಯನ್ನು ನಾನು ಹೀಯಾಳಿಸಲಾರೆ. ಆ ಎರಡು ಸಾವೂ ನಿಜವಾದವೇ, ತಪ್ಪು ಮಾತ್ರ ಲಸಿಕೆಯದಾಗಿರಲಿಲ್ಲ.

2022ರ ನವೆಂಬರಿನಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರದಿಂದ ಮಕ್ಕಳು ಸತ್ತ ಸುದ್ದಿ ಬಂತು. ಕೇಂದ್ರ ಸರ್ಕಾರ ರಾಂಚಿ, ಅಹಮದಾಬಾದ್, ಮಲಪ್ಪುರಗಳಿಗೂ ತಜ್ಞರ ತಂಡ ಕಳಿಸಿತು. ಮಲಪ್ಪುರ ಅಂದರೆ ಶರಫಿಯಾದ ಅರ್ಧಕ್ಕರ್ಧ ಜನರ ತವರು. ನಮ್ಮ ಕಟ್ಟಡದ ಕೆಳಗೆ ಬಕಾಲಾ ನಡೆಸುವ ಇಕ್ಕ ಸಾಮಾನು ಕೊಡುವಾಗಲೂ ಫೋನಿನಲ್ಲೇ ಇರುತ್ತಿದ್ದರು. ಅವರ ತಂಗಿಯ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಬಂದಿತ್ತು, ಚಿಕ್ಕದನ್ನು ಆಸ್ಪತ್ರೆಗೆ ಸೇರಿಸಿದ್ದರು. ಒಂದು ರಾತ್ರಿ ಹಾಲು ತರಲು ಹೋದಾಗ ನನ್ನನ್ನು ನಿಲ್ಲಿಸಿ, "ಸಾರ್, ನಿಮ್ಮ ಮೋಳಿಗೆ ಇಂಜೆಕ್ಷನ್ ಎಲ್ಲಾ ಆಗಿದೆಯಲ್ಲ?" ಎಂದು ಕೇಳಿದರು. ಆಗಿದೆ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಾರನೆಯ ವಾರ ಶಾಲೆಯವರು ದಾಖಲೆ ಕೇಳಿದ್ದು ನೆಪವಾಯಿತು. ಸೌದಿಯಲ್ಲಿ ಈ ವಿಷಯದಲ್ಲಿ ನಮ್ಮಂತೆ ಮುಂದೆ ನೋಡೋಣ ಅನ್ನುವಂತಿಲ್ಲ. ಮಗುವಿನ ಜನನ ಪ್ರಮಾಣಪತ್ರವನ್ನೇ ಲಸಿಕೆಯ ಜೊತೆ ಗಂಟು ಹಾಕಿದ ದೇಶ ಇದು. ಇಕ್ಕನ ತಂಗಿಯ ಮಗು ಹದಿನೈದು ದಿನದಲ್ಲಿ ಮನೆಗೆ ಬಂತು.

ಡಾಕ್ಟರು ಬೈಯಲಿಲ್ಲ. ಹತ್ತು ವರ್ಷವಾದರೂ ಪರವಾಗಿಲ್ಲ, ತಪ್ಪಿದ ಡೋಸನ್ನು ಈಗಲೂ ಕೊಡಬಹುದು ಎಂದು ಎಂಎಂಆರ್ ಹಾಕಿಸಿ, ಕಾರ್ಡಿನ ಖಾಲಿ ಚೌಕದಲ್ಲಿ ದಿನಾಂಕ ಬರೆದು ಮೊಹರು ಒತ್ತಿದರು. ಮಗಳು ತೋಳು ಹಿಡಿದುಕೊಂಡು, ಬರುವಾಗ ಹೇಳಿದ್ದ ಶವರ್ಮಾ ಕೊಡಿಸಲೇಬೇಕು ಅಂದಳು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ದೊಡ್ಡಪ್ಪನಿಗೆ ಆಗ ಎಂಬತ್ತಾರು. ಕಿವಿ ಮಂದ, ಎರಡೆರಡು ಸಲ ಹೇಳಬೇಕು.

"ಗೊಬ್ಬರದ್ ಸೂಜಿ ಹಾಕ್ಸಿದೆ ದೊಡ್ಡಪ್ಪಾ, ಮಗಳಿಗೆ."

"ಹಾಂ?"

"ಗೊಬ್ಬರದ್ದು. ದಡಾರದ್ದು."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಕಾರ್ಡ್‌ನಾಗ ಬರ್ಸಿದ್ಯಾ?" ಎಂದರು.

"ಬರ್ಸೀನಿ."

"ಏನಂತ ಬರ್ದಾರ? ಹೆಸರು ಬರ್ದಾರೇನು, ಬರೇ ಸೂಜಿ ಅಂತ ಬರ್ದಾರೋ? ಸರಿಯಾಗಿ ನೋಡಿ ಹೇಳು."

ನಾನು ಕನ್ನಡಕ ಹಾಕಿಕೊಂಡು, ಕಾರ್ಡನ್ನು ದೀಪದ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಓದಿ ಹೇಳಿದೆ.